ಗುಡೂರಿನ ಆ ಬೇಸಿಗೆ

2020ರ ಏಪ್ರಿಲ್, ಕೊರೊನಾ ಲಾಕ್‌ಡೌನಿನ ದಿನಗಳು. ಬಾಗಲಕೋಟೆ ಜಿಲ್ಲೆಯ ಗುಡೂರಿನ ಓಣಿಗಳಲ್ಲಿ ಬಿಸಿಲೊಂದೇ ಓಡಾಡುತ್ತಿತ್ತು. ನೇಕಾರರ ಮನೆಗಳಲ್ಲಿ ಕುಣಿಮಗ್ಗಗಳು ನಿಂತುಹೋಗಿದ್ದವು. ಹಾಸು ಬಿಗಿದದ್ದು ಬಿಗಿದಂತೆಯೇ ಇತ್ತು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕೈ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. ಲಾಳಿಯ ಸಪ್ಪಳದಲ್ಲೇ ಬೆಳೆದ ಮಂದಿಗೆ ಆ ಸದ್ದಿಲ್ಲದ ಹಗಲು ಸಹಿಸಲಾಗಲಿಲ್ಲ.

ಗೋವಾ, ಮಂಗಳೂರು, ಉಡುಪಿ ಕಡೆ ದುಡಿಯಲು ಹೋಗುವುದು ಈ ಸೀಮೆಗೆ ಹೊಸದಲ್ಲ. ಆ ವರ್ಷ ಮಾತ್ರ ಹೋದವರು ಹಬ್ಬವಿಲ್ಲದ ಹೊತ್ತಿನಲ್ಲಿ ತಿರುಗಿ ಬಂದರು. ಹೆಗಲಿಗೆ ಚೀಲ, ಮೂಗು-ಬಾಯಿಗೆ ಟವೆಲ್ಲು, ಜೇಬಿನಲ್ಲಿ ಕಾಸಿಲ್ಲ. ಹುಟ್ಟಿದೂರೇ ಅವರನ್ನು ಕಂಡು ದೂರ ಸರಿಯಿತು. ರೋಗಕ್ಕಿಂತ ಆ ಸರಿಯುವಿಕೆಯೇ ಹೆಚ್ಚು ಜನರನ್ನು ಒಳಗೊಳಗೇ ತಿಂದಿತೆಂದು ನಾನು ನಂಬುತ್ತೇನೆ.

"ಎದಿ ಡವಡವ ಅಂತೈತ್ರಿ, ರಾತ್ರಿ ನಿದ್ದಿ ಹತ್ತವಲ್ದು" ಎಂದು ಕನ್ನಡದವರು ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗಾದರೂ ಹೇಳಿಕೊಳ್ಳಬಹುದಿತ್ತು. ಲಂಬಾಣಿ ತಾಂಡಾದ ಮುದುಕಿಗೆ ಅಷ್ಟೂ ಇರಲಿಲ್ಲ. ಸಂತೆಗೆ, ರೇಷನ್ ಅಂಗಡಿಗೆ ಸಾಲುವಷ್ಟು ಕನ್ನಡ ಅವಳಿಗೆ ಬರುತ್ತದೆ. ದೂರದಲ್ಲಿ ಸಿಕ್ಕಿಬಿದ್ದ ಮಗನನ್ನು ನೆನೆದು ನಡುರಾತ್ರಿ ಎದ್ದು ಕೂರುವ ಸಂಕಟ ಹೇಳಲು ಅವಳ ಮನೆಮಾತಾದ ಗೋರ್ ಬೋಲಿಯೇ ಬೇಕು.

ಆ ವರ್ಷದ ಮಾರ್ಚ್ ಕೊನೆಗೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಸಹಾಯವಾಣಿ ತೆರೆದಿತ್ತು. 2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಬಂತು. 14416ಕ್ಕೆ ಕರೆ ಮಾಡಿದರೆ ಹಗಲು-ರಾತ್ರಿ ಆಲಿಸುವವರಿದ್ದಾರೆ, ಅದೂ 20 ಭಾಷೆಗಳಲ್ಲಿ. ದೊಡ್ಡ ಕೆಲಸ, ನಿಜ. ಆದರೆ ಗೋರ್ ಬೋಲಿ ಸಂವಿಧಾನದ ಎಂಟನೇ ಅನುಸೂಚಿಯಲ್ಲಿಲ್ಲ. 2011ರ ಜನಗಣತಿ 32 ಲಕ್ಷಕ್ಕೂ ಹೆಚ್ಚು ಲಂಬಾಣಿ ನುಡಿಗರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಆ ಮುದುಕಿಗೆ ಹಿಂದಿಯಲ್ಲಿ ಸಮಾಧಾನ ಹೇಳಿ ನೋಡಿ!

ದಾರಿ ದೂರದಲ್ಲೇನೂ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮನೋರೋಗದ ಆರೈಕೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ದೇಶವೇ ಆ ಮಾದರಿ ಹಿಡಿಯಿತು. ತಾಂಡಾಗಳಲ್ಲಿ ಈಗ ಪಿಯುಸಿ, ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳಿದ್ದಾರೆ. ಎರಡೂ ನುಡಿ ಬಲ್ಲವರು, ಯಾರ ಮನೆಯಲ್ಲಿ ಯಾರು ಊಟ ಬಿಟ್ಟಿದ್ದಾರೆಂದು ತಿಳಿದವರು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ನಡೆಯುವ ಮನೋಚೈತನ್ಯ ಶಿಬಿರದಲ್ಲಿ ವೈದ್ಯರ ಪಕ್ಕ ಅವರಿಗೊಂದು ಕುರ್ಚಿ ಬೇಕು, ತರಬೇತಿ ಬೇಕು, ತಿಂಗಳಿಗೆ ಸರಿಯಾಗಿ ಕೈಸೇರುವ ಸಂಬಳ ಬೇಕು. ಮುಂದಿನ ಪಿಡುಗಿನವರೆಗೆ ಕಾಯದೆ ಅವರ ನೇಮಕದ ಆದೇಶ ಬಾಗಲಕೋಟೆಯಿಂದ ಹೊರಡಲಿ.