ಎದುರು ಪ್ಲಾಟ್‌ಫಾರ್ಮಿನ ಕೈಗಳು

ಸಂಜೆಯ ಹೊತ್ತು ಯಶವಂತಪುರ ಮೆಟ್ರೊ ನಿಲ್ದಾಣದಲ್ಲಿ ಪಕ್ಕದಲ್ಲಿ ನಿಂತವರೂ ಒಬ್ಬರ ಕಿವಿಗೊಬ್ಬರು ಬಾಗಿ ಮಾತಾಡುತ್ತಾರೆ. ಕೆಳಗೆ ತುಮಕೂರು ರಸ್ತೆಯ ಲಾರಿಗಳ ಗದ್ದಲ, ಮೇಲೆ ಪ್ರಕಟಣೆಯ ಬೆನ್ನಿಗೆ ಪ್ರಕಟಣೆ. ಆ ಸದ್ದಿನ ನಡುವೆ ಪೀಣ್ಯದ ಕಡೆಯ ಪ್ಲಾಟ್‌ಫಾರ್ಮಿನಿಂದ ಮೆಜೆಸ್ಟಿಕ್ ಕಡೆಯದಕ್ಕೆ, ಎರಡೂ ಹಳಿ ದಾಟಿ, ಇಬ್ಬರು ಗೆಳೆಯರ ಹರಟೆ ಆರಾಮವಾಗಿ ಸಾಗಿರುತ್ತದೆ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ಮೆಟ್ಟಿಲ ಬಳಿ ಬೇರೆಯಾಗಿ, ಮೇಲೆ ಬಂದು ಮತ್ತೆ ಎದುರುಬದುರು ನಿಲ್ಲುತ್ತಾರೆ. ಮೊದಲು ಬಂದ ರೈಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಿರಿಯನದು ಬೂದುನೀಲಿ ಅಂಗಿ, ಎಣ್ಣೆಗಪ್ಪು ಮೈಬಣ್ಣ. ಇಳಿಬಿಸಿಲಿನ ಕೇಸರಿಯಲ್ಲಿ ಅವನ ಅಂಗೈ ಮಾತ್ರ ತಿಳಿಗುಲಾಬಿಯಾಗಿ ಹೊಳೆದು, ಮಗುಚಿ, ಮತ್ತೆ ಹೊಳೆಯುತ್ತದೆ. ಹತ್ತಿರ ಇದ್ದಾಗ ಅವನ ಸನ್ನೆಗಳು ಎದೆಯ ಮುಂದಿನ ಗೇಣು ಜಾಗದಲ್ಲೇ ಮುಗಿಯುತ್ತವೆ. ಹಳಿಯಾಚೆಗೆ ಹೇಳುವಾಗ ಚಲನೆ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಏರುತ್ತದೆ. ನಾವು ದನಿ ಏರಿಸುವ ಹಾಗೆಯೇ. ಪ್ರಶ್ನೆ ಕೇಳಿದಾಗ ಹುಬ್ಬು ಮೇಲೇರಿ, ಉತ್ತರ ಬರುವ ತನಕ ಅಲ್ಲೇ ನಿಲ್ಲುತ್ತದೆ. ರೈಲು ನಡುವೆ ನುಗ್ಗಿದರೆ ಕೈಗಳು ಅರ್ಧ ಮಾತಿನಲ್ಲಿ, ಬೆರಳುಗಳ ಆಕಾರ ಕೆಡದಂತೆ, ಗಾಳಿಯಲ್ಲೇ ತಡೆಯುತ್ತವೆ. ಕೊನೆಯ ಬೋಗಿ ಸರಿದೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕಣ್ಣಿನ ನಡೆ. ನೋಡುವವನ ದೃಷ್ಟಿ ಕೈಯ ಮೇಲೆ ಇರುವುದೇ ಇಲ್ಲ. ಅದು ಮುಖದ ಮೇಲೆ, ಕಣ್ಣು ತುಟಿಗಳ ನಡುವೆ ಎಲ್ಲೋ ನೆಟ್ಟಿರುತ್ತದೆ. ಕೈಗಳು ನೋಟದ ಕೆಳ ಅಂಚಿನಲ್ಲಿ ಹಾಯ್ದುಹೋಗುತ್ತವೆ, ಅಷ್ಟರಲ್ಲೇ ಅರ್ಥವಾಗುತ್ತವೆ. ಹುಟ್ಟುಕಿವುಡರಲ್ಲಿ ನೋಟದ ಈ ಅಂಚು ಚಲನೆಯನ್ನು ಹಿಡಿಯುವುದರಲ್ಲಿ ಹೆಚ್ಚು ಚುರುಕು ಎಂದು ಮಿದುಳಿನ ಅಧ್ಯಯನಗಳು ತೋರಿಸಿವೆ. ಇನ್ನೂ ದೊಡ್ಡ ಸೋಜಿಗವೆಂದರೆ, ಕೇಳುವವರಲ್ಲಿ ಸದ್ದಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಇವರಲ್ಲಿ ಸನ್ನೆ ನೋಡುವಾಗ ಎಚ್ಚರಗೊಳ್ಳುತ್ತವೆ. ಸದ್ದು ಬಾರದ ಆ ಜಾಗ ಪಾಳು ಬಿದ್ದಿಲ್ಲ.

ಕೆಳಗಿನ ಟೀ ಅಂಗಡಿಯಲ್ಲಿ ಇದೇ ಕೈಗಳ ನಡೆ ಬೇರೆ. ಅಂಗಡಿಯವನಿಗೆ ಸನ್ನೆ ಭಾಷೆ ಬಾರದು. ಎರಡು ಬೆರಳು ಎತ್ತಿದರೆ ಎರಡು ಟೀ. ಹೆಬ್ಬೆರಳು ತೋರುಬೆರಳ ನಡುವೆ ಚೂರೇ ಸಂದು ಬಿಟ್ಟರೆ ಸಕ್ಕರೆ ಕಮ್ಮಿ. ಅಂಗಡಿಯವನೂ ಗ್ಲಾಸು ಎತ್ತಿ ತೋರಿಸಿ ತಲೆಯಾಡಿಸುತ್ತಾನೆ. ಇದು ಅಭಿನಯ, ಯಾರಿಗಾದರೂ ತಿಳಿಯುತ್ತದೆ. ಮೇಲಿನ ಹರಟೆಗೆ ಪದಗಳಿವೆ, ವ್ಯಾಕರಣವಿದೆ. ಮಿದುಳಿಗೂ ಈ ಭೇದ ಗೊತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ನಮ್ಮ ಮಾತು ತೊದಲುವಂತೆ ಕಿವುಡರ ಸನ್ನೆಯೂ ತೊದಲುತ್ತದೆಂದು ಅಮೆರಿಕದ ಪೊಯಿಜ್ನರ್, ಕ್ಲೀಮಾ, ಬೆಲ್ಲುಗಿ 1987ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಮುಂದೆ, ಸನ್ನೆಯ ಪದ ಹೊರಡದಿದ್ದರೂ ಅಭಿನಯಿಸಿ ತೋರಿಸಬಲ್ಲ ರೋಗಿಯ ಪ್ರಸಂಗವೂ ದಾಖಲಾಯಿತು. ಅದೇ ಕೈ, ಅದೇ ಬೆರಳು. ನುಡಿ ಹೋಗಿದೆ, ಅಭಿನಯ ಉಳಿದಿದೆ.

ಕಿರಿಯವನು ನೋಡುತ್ತ ನಿಂತಾಗ ಅವನ ಕೈಗಳು ಬ್ಯಾಗಿನ ಪಟ್ಟಿಯ ಮೇಲಿರುತ್ತವೆ. ಆದರೆ ಸುಮ್ಮನಿರುವುದಿಲ್ಲ. ಎದುರಿನ ಮಾತು ಮುಗಿಯುವ ಮೊದಲೇ ಬಲಗೈಯ ತೋರುಬೆರಳು ಪಟ್ಟಿಯಿಂದ ಮೆಲ್ಲನೆ ಬಿಡಿಸಿಕೊಳ್ಳುತ್ತದೆ, ಉಳಿದವು ಸಡಿಲವಾಗುತ್ತವೆ, ಅಂಗೈ ಅರ್ಧ ಎದ್ದು ಕಾಯುತ್ತದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ, ಕಿವಿ ಕೇಳುವ ಜೋಡಿಗಳಿಂದ ಮೂಕಾಭಿನಯದ ಊಹೆಯಾಟ ಆಡಿಸಿ, ಇಬ್ಬರ ಮಿದುಳನ್ನೂ ಸ್ಕ್ಯಾನ್ ಮಾಡಿದರು. ಅಭಿನಯಿಸುವವರನ್ನು ಮೊದಲು ಚಿತ್ರೀಕರಿಸಿ, ನಂತರ ಆ ದೃಶ್ಯವನ್ನು ಸಂಗಾತಿಗೆ ತೋರಿಸಿದರು. 2010ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಓದಿದಾಗ ನನಗೆ ಈ ತೋರುಬೆರಳೇ ಕಣ್ಣಮುಂದೆ ಬಂತು. ಊಹಿಸುವವರ ಕೈ ಅಲುಗದಿದ್ದರೂ, ಕೈಯಾಡಿಸಲು ದುಡಿಯುವ ಅವರ ಮಿದುಳಿನ ಭಾಗಗಳಲ್ಲಿ ಸಂಗಾತಿಯ ಮಿದುಳಿನ ಏರಿಳಿತ ಹಿಂಬಾಲಿಸಿ ಮೂಡಿತ್ತು. ಹಣೆಯ ಹಿಂದೆ, ಇನ್ನೊಬ್ಬರ ಮನಸ್ಸಿನಲ್ಲೇನಿದೆಯೆಂದು ಯೋಚಿಸುವಾಗ ಕೆಲಸ ಮಾಡುವ ಭಾಗವೂ ಆ ಏರಿಳಿತಕ್ಕೆ ಜೊತೆಗೂಡಿತ್ತು. ನೋಡುವುದೂ ದುಡಿಮೆಯೇ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನನಗೆ ಕಂಡಿಲ್ಲ.

ಕೈ ಆಡುವುದು ನೋಡುವವರಿಗಾಗಿ ಮಾತ್ರವೂ ಅಲ್ಲ. ಹುಟ್ಟುಕುರುಡರಾದ ಮಕ್ಕಳು, ಎದುರಿನವರೂ ಕುರುಡರೆಂದು ತಿಳಿದಿದ್ದರೂ, ಮಾತಾಡುವಾಗ ಕೈಯಾಡಿಸುತ್ತಾರೆಂದು ಐವರ್ಸನ್ ಮತ್ತು ಗೋಲ್ಡಿನ್–ಮೆಡೊ 1998ರಲ್ಲಿ ವರದಿ ಮಾಡಿದರು. ಇಲ್ಲಿಯೂ ಅಂಥದ್ದು ದಿನಾ ಕಾಣುತ್ತದೆ. ಮೊನ್ನೆ ಒಬ್ಬರು ಫೋನಿನಲ್ಲಿ ಯಾರಿಗೋ ಹೆಬ್ಬಾಳದ ದಾರಿ ಹೇಳುತ್ತಿದ್ದರು. ಅವರ ಅಂಗೈ ಓರೆಯಾಗಿ ಫ್ಲೈಓವರ್ ಹತ್ತಿತು, ತುದಿಯಲ್ಲಿ ಎಡಕ್ಕೆ ಬಾಗಿತು, ಆಮೇಲೆ ಮೆಲ್ಲಗೆ ಸರ್ವೀಸ್ ರಸ್ತೆಗೆ ಇಳಿಯಿತು. ಅತ್ತ ಕಡೆಯವರಿಗೆ ದಾರಿ ತಪ್ಪಿರಬೇಕು. ಇವರು ಮತ್ತೆ ಮೊದಲಿನಿಂದ ಹತ್ತಿಸಿದರು, ಈ ಸಲ ಇನ್ನೂ ನಿಧಾನವಾಗಿ, ಬೆರಳುಗಳನ್ನು ಒತ್ತಾಗಿ ಜೋಡಿಸಿ.