ಮನೆ ಅವರದು, ದುಡಿಮೆ ನಮ್ಮದು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕೂ ಊರುಗಳಿಗೆ ಬೆಂಗಳೂರು ದೂರವೇನಲ್ಲ. ಹೆಚ್ಚೆಂದರೆ ಐವತ್ತು, ಅರವತ್ತು ಕಿಲೋಮೀಟರ್. ಸುತ್ತಲ ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು ಬೆಂಗಳೂರಿಗೆ ಮನೆಕೆಲಸಕ್ಕೆ ಹೋಗುತ್ತಾರೆ. ಕೆಲವರು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಕೆಲವರು ಕೆಲಸದ ಮನೆಯಲ್ಲೇ ಉಳಿಯುತ್ತಾರೆ. ಮಗು ಎತ್ತಿ ಆಡಿಸುತ್ತಾರೆ. ಮುದುಕರಿಗೆ ಔಷಧಿ ಕೊಡುತ್ತಾರೆ. ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ಅವರದೇ.

ಮನೆಯಲ್ಲೇ ಉಳಿದು ದುಡಿಯುವವರ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಕೊರೊನಾ ಬಂದಾಗ ಅದು ಇನ್ನೂ ಹೆಚ್ಚಾಯಿತು.

ಬಾಗಿಲು ಮುಚ್ಚಿದ ದಿನಗಳು

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲಾ ಲಾಕ್‌ಡೌನ್ ಆಯಿತು. ಬಸ್ಸಿಲ್ಲ, ರೈಲಿಲ್ಲ. ದಿನಾ ಹೋಗಿ ಬರುತ್ತಿದ್ದವರಿಗೆ ಕೆಲಸವೇ ಇಲ್ಲ. ಎಷ್ಟೋ ಜನರಿಗೆ ಸಂಬಳವೂ ಬರಲಿಲ್ಲ.

ಮನೆಯಲ್ಲೇ ಉಳಿದವರ ಕಥೆ ಬೇರೆ. ಅವರಿಗೆ ಕೆಲಸ ಹೆಚ್ಚಾಯಿತು. ಯಾಕೆ? ಶಾಲೆ ಮುಚ್ಚಿತ್ತು, ಮಕ್ಕಳು ಮನೆಯಲ್ಲಿ. ಆಫೀಸು ಮುಚ್ಚಿತ್ತು, ದೊಡ್ಡವರೂ ಮನೆಯಲ್ಲಿ. ಮೂರು ಹೊತ್ತೂ ಎಲ್ಲರಿಗೂ ಅಡುಗೆ. ಪಾತ್ರೆ ರಾಶಿ ರಾಶಿ. ಕೆಲಸ ಬೆಳೆಯಿತು, ಸಂಬಳ ಬೆಳೆಯಲಿಲ್ಲ. ಕೆಲವು ಮನೆಗಳಲ್ಲಿ ಇದ್ದ ಸಂಬಳವನ್ನೂ ಕಡಿಮೆ ಮಾಡಿದರು.

2020ರ ಮೇ 19ರಿಂದ ರಾಜ್ಯದಲ್ಲಿ ಸರ್ಕಾರಿ ಬಸ್ಸುಗಳು ಮತ್ತೆ ಓಡಾಡಿದವು. ಆಗ ಊರಿಗೆ ಹೋಗಿಬರುತ್ತೇನೆ ಎಂದವರಿಗೆ ಸಿಕ್ಕ ಉತ್ತರ ಹೀಗಿತ್ತು: "ಹೋಗೋದಾದ್ರೆ ವಾಪಸ್ ಬರಬೇಡ. ನೀನು ರೋಗ ತರ್ತೀಯ." ಮನೆಯವರು ಮಾತ್ರ ಅಂಗಡಿಗೆ, ನೆಂಟರ ಮನೆಗೆ ಹೋಗಿ ಬರುತ್ತಿದ್ದರು.

ಇಲ್ಲಿ ಒಂದು ಮಾತು ತಿಳಿಯಬೇಕು. ಲಾಕ್‌ಡೌನ್ ಸರ್ಕಾರದ ಆದೇಶ. ಅದು ಯಜಮಾನರಿಗೂ ಒಂದೇ, ಕೆಲಸದವರಿಗೂ ಒಂದೇ. ರೋಗ ಹರಡದಂತೆ ಎಲ್ಲರೂ ಜೋಪಾನವಾಗಿರಬೇಕು, ಸರಿ. ಆದರೆ ಕೆಲಸದವಳಿಗೆ ಮಾತ್ರ ಬೀಗ ಹಾಕುವುದು ಆರೋಗ್ಯದ ನಿಯಮವಲ್ಲ.

ಉಂಡ ಮನೆಯ ಜಂತೆ

"ನೀನು ನಮ್ಮ ಮನೆ ಮಗಳ ಹಾಗೆ ಕಣಮ್ಮ." ಈ ಮಾತು ಕೇಳಿದಾಗ ಸಂತೋಷವಾಗುತ್ತದೆ. ಆದರೆ ಸಂಬಳ ಕೇಳಲು ನಾಲಿಗೆ ಏಳುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮ ಹಿರಿಯರು ಹೇಳಿದ್ದಾರಲ್ಲ!

ಹೌದು, ಹೇಳಿದ್ದಾರೆ. ಉಂಡ ಮನೆಗೆ ಕೇಡು ಬಗೆಯಬಾರದು. ಆದರೆ ದುಡಿದ ಕೂಲಿ ಕೇಳುವುದು ಕೇಡಲ್ಲ. ಪ್ರೀತಿ ಬೇರೆ, ಲೆಕ್ಕ ಬೇರೆ. ಎರಡೂ ಒಂದೇ ಮನೆಯಲ್ಲಿ ಇರಬಹುದು.

ಲೆಕ್ಕ ಮಾಡೋಣ ಬನ್ನಿ

ಒಬ್ಬ ಹೆಣ್ಣುಮಗಳ ಸಂಬಳ ತಿಂಗಳಿಗೆ 10,400 ರೂಪಾಯಿ ಎಂದುಕೊಳ್ಳೋಣ. ಇದು ಲೆಕ್ಕ ಕಲಿಯಲು ಇಟ್ಟ ಅಂಕಿ ಅಷ್ಟೆ. ದಿನಕ್ಕೆ 8 ಗಂಟೆ ಕೆಲಸ. ವಾರಕ್ಕೆ ಒಂದು ದಿನ ರಜೆ. ತಿಂಗಳಿಗೆ 26 ದಿನ ಕೆಲಸ.

10,400 ರೂಪಾಯಿಯನ್ನು 26ರಿಂದ ಭಾಗಿಸಿ. ದಿನಕ್ಕೆ 400 ರೂಪಾಯಿ.
400 ರೂಪಾಯಿಯನ್ನು 8ರಿಂದ ಭಾಗಿಸಿ. ಗಂಟೆಗೆ 50 ರೂಪಾಯಿ.

ಲಾಕ್‌ಡೌನಿನಲ್ಲಿ ಆಕೆ ದಿನಕ್ಕೆ 12 ಗಂಟೆ ದುಡಿದಳು. ಅಂದರೆ 4 ಗಂಟೆ ಹೆಚ್ಚು. 4 ಗಂಟೆಗೆ 200 ರೂಪಾಯಿ. 26 ದಿನಕ್ಕೆ 5,200 ರೂಪಾಯಿ. ರಜೆಯ 4 ದಿನವೂ 8 ಗಂಟೆ ದುಡಿದಳು. ಅದಕ್ಕೆ 1,600 ರೂಪಾಯಿ. ಒಟ್ಟು 6,800 ರೂಪಾಯಿ.

ಒಂದು ತಿಂಗಳಿಗೆ ಇಷ್ಟು ಹಣ ಬಿಟ್ಟುಹೋಯಿತು. ಮೂರು ತಿಂಗಳಿಗೆ ಎಷ್ಟು? ನೀವೇ ಲೆಕ್ಕ ಮಾಡಿ.

ಬರೆದಿಡದಿದ್ದರೆ ಈ ಹಣ ಯಾರ ಕಣ್ಣಿಗೂ ಕಾಣುವುದಿಲ್ಲ. ಅಕ್ಷರ ಕಲಿತವರ ಕೈಯಲ್ಲಿ ಒಂದು ನೋಟ್‌ಬುಕ್ ಇದ್ದರೆ ಕಾಣುತ್ತದೆ.

ಕಾನೂನು ಏನು ಹೇಳುತ್ತದೆ?

ಮನೆಕೆಲಸಕ್ಕೂ ಕನಿಷ್ಠ ಕೂಲಿ ಉಂಟು. ಕರ್ನಾಟಕ ಸರ್ಕಾರ 2004ರಲ್ಲೇ ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿತು. ಈ ದರ ಆಗಾಗ ಬದಲಾಗುತ್ತದೆ. ಈಗ ಎಷ್ಟು ಎಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ.

ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ.

ಮುಂಗಡ ಕೊಟ್ಟು ಕಟ್ಟಿಹಾಕುವುದು ನಮ್ಮ ಸೀಮೆಗೆ ಹೊಸದಲ್ಲ. ರೇಷ್ಮೆ ನೂಲಿನ ಘಟಕಗಳಲ್ಲಿ ಹಿಂದೆ ಮಕ್ಕಳನ್ನು ಹೀಗೆ ದುಡಿಸಿದ್ದನ್ನು ರಾಮನಗರ, ಮಾಗಡಿಯ ಜನ ಕಂಡಿದ್ದಾರೆ. ಮನೆಕೆಲಸಕ್ಕೂ ಮುಂಗಡ ಕೊಡುವವರಿದ್ದಾರೆ. "ಸಾಲ ತೀರುವವರೆಗೆ ಎಲ್ಲೂ ಹೋಗಬಾರದು" ಎಂದರೆ ಅದು ಜೀತ. 1976ರ ಕಾಯ್ದೆಯಿಂದ ಜೀತ ರದ್ದಾಗಿದೆ. ಜೀತದ ಸಾಲವೂ ರದ್ದು.

14 ವರ್ಷದೊಳಗಿನ ಮಕ್ಕಳನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ಮಗು ಆಡಿಸಲು ಇನ್ನೊಂದು ಮಗುವನ್ನು ಕಳಿಸಬೇಡಿ.

ಬೇರೆ ದೇಶಗಳಲ್ಲಿ

ಯುರೋಪಿನಲ್ಲಿ ಒಂದು ಪದ್ಧತಿ ಇದೆ. ಹೆಚ್ಚಾಗಿ ಹುಡುಗಿಯರು ಬೇರೆ ದೇಶದ ಒಂದು ಮನೆಯಲ್ಲಿ ಉಳಿದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಊಟ, ವಸತಿ, ಕೈಖರ್ಚಿಗೆ ಹಣ ಸಿಗುತ್ತದೆ. ಅವರನ್ನು 'ಓ ಪೇರ್' ಎನ್ನುತ್ತಾರೆ. ಇದು ಫ್ರೆಂಚ್ ಮಾತು. 'ಸರಿಸಮಾನ' ಎಂಬ ಅರ್ಥ ಅದರಲ್ಲಿದೆ. 1969ರ ಯುರೋಪಿನ ಒಪ್ಪಂದವೊಂದು ಇವರಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಹೇಳಬಾರದು, ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು ಎಂದಿತು.

2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಎಲ್ಲಾ ಮನೆಕೆಲಸದವರಿಗಾಗಿ ಒಂದು ಒಪ್ಪಂದ ಮಾಡಿತು. ವಾರಕ್ಕೆ 24 ಗಂಟೆ ಬಿಡುವು ಬೇಕು. ಬಿಡುವಿನ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕೆಂದು ಒತ್ತಾಯ ಮಾಡಬಾರದು. ಗುರುತಿನ ಚೀಟಿ ಕೆಲಸದವರ ಹತ್ತಿರವೇ ಇರಬೇಕು. ನಮ್ಮ ದೇಶ ಆ ಸಭೆಯಲ್ಲಿ ಇದಕ್ಕೆ ಮತ ಹಾಕಿತು. ಆದರೂ ಅದನ್ನು ಇಲ್ಲಿ ಜಾರಿಗೆ ತರುವ ಸಹಿ ಬೀಳಲಿಲ್ಲ. ಅದಕ್ಕೇ ನಮ್ಮ ಎಚ್ಚರ ನಮಗೆ ಬೇಕು.

ನಾವೇನು ಮಾಡಬೇಕು?

ಕೆಲಸಕ್ಕೆ ಸೇರುವ ಮೊದಲೇ ಮಾತಾಡಿ. ಏನೇನು ಕೆಲಸ? ಎಷ್ಟು ಗಂಟೆ? ಸಂಬಳ ಎಷ್ಟು? ಊಟಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ? ರಜೆ ಯಾವತ್ತು? ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಮತ್ತೆ ಸಾಂಕ್ರಾಮಿಕ ರೋಗ ಬಂದರೆ? ಅದನ್ನೂ ಮೊದಲೇ ಕೇಳಿ. ಹೆಚ್ಚು ಕೆಲಸಕ್ಕೆ ಎಷ್ಟು ಕೊಡುತ್ತೀರಿ? ನನಗೆ ಕಾಯಿಲೆಯಾದರೆ ಔಷಧಿ ಖರ್ಚು ಯಾರದು? ಮನೆಯವರಿಗೆ ರೋಗ ಬಂದರೆ ನನಗೆ ಮಾಸ್ಕು, ಸೋಪು, ಬೇರೆ ಮಲಗುವ ಜಾಗ ಕೊಡುತ್ತೀರಾ?

ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಫೋನು ನಿಮ್ಮ ಹತ್ತಿರವೇ ಇರಲಿ. ಸಂಬಳ ನಿಮ್ಮ ಖಾತೆಗೇ ಬರಲಿ.

ಇ-ಶ್ರಮ್ ಪಟ್ಟಿಯಲ್ಲಿ ಹೆಸರು ಬರೆಸಿ. ಇದು 2021ರ ಆಗಸ್ಟ್‌ನಲ್ಲಿ ಶುರುವಾಯಿತು. 2021ರ ಲಾಕ್‌ಡೌನಿನಲ್ಲಿ ರಾಜ್ಯ ಸರ್ಕಾರ ಮನೆಕೆಲಸದವರಿಗೂ 2,000 ರೂಪಾಯಿ ಪರಿಹಾರ ಘೋಷಿಸಿತು. ಅದನ್ನು ಪಡೆಯಲು ಅರ್ಜಿ ಹಾಕಬೇಕಿತ್ತು. ಕಾಗದಪತ್ರ ಇದ್ದವರಿಗೆ ಇಂಥ ಅರ್ಜಿ ಸುಲಭ.

ಕೂಡಿಹಾಕಿದರೆ, ಹೊಡೆದರೆ 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳ ಸಹಾಯಕ್ಕೆ 181. ಮಕ್ಕಳ ಸಹಾಯಕ್ಕೆ 1098. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಸಿಗುತ್ತದೆ. ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಜೀತದ ದೂರನ್ನು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ ಕೊಡಿ.

ಊರಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಮಗಳು ಕೆಲಸ ಮಾಡುವ ಮನೆಯ ವಿಳಾಸ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಅವಳ ಹತ್ತಿರವೇ ಮಾತಾಡಿ. "ಅವಳು ಚೆನ್ನಾಗಿದ್ದಾಳೆ" ಅಂತ ಬೇರೆಯವರು ಹೇಳಿದರೆ ಸಾಲದು. ಅವಳ ಬಾಯಿಂದಲೇ ಕೇಳಬೇಕು.

ಕೂಡಿ ಚರ್ಚಿಸಿ

1. ನಿಮ್ಮ ಊರಿನಿಂದ ಮನೆಕೆಲಸಕ್ಕೆ ಹೋದವರು ಎಷ್ಟು ಜನ? ಅವರಿಗೆ ವಾರದ ರಜೆ ಉಂಟೇ?
2. ಲಾಕ್‌ಡೌನಿನಲ್ಲಿ ಅವರು ಎಲ್ಲಿದ್ದರು? ಸಂಬಳ ಪೂರ್ತಿ ಬಂತೇ?
3. ನಿಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಬಂದ ಹಣ ಎಂದು ಮೇಲೆ ಬರೆಯಿರಿ. ಇವತ್ತಿನ ಲೆಕ್ಕ ತುಂಬಿ.