ಕೇಸರಿ ಕೇಳಿದರೆ ನಿಂಬೆ ಹಳದಿ ಕೊಡುವ ದೀಪ

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗ ಬಿಡಿಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರ್ ಜೋಡಿಸಿದ್ದಾನೆ. ಗಾಜಿನ ಕ್ಯಾಬಿನೆಟ್, ಒಳಗೆ ಬಣ್ಣ ಬದಲಿಸುವ ಫ್ಯಾನುಗಳು. ಆಯುಧ ಪೂಜೆಯ ದಿನ ಚೆಂಡು ಹೂವಿನ ಬಣ್ಣ ಬರಲೆಂದು ಸಾಫ್ಟ್‌ವೇರಿನಲ್ಲಿ ಕೇಸರಿ ಆರಿಸಿದ. ಪರದೆಯ ಮೇಲಿನ ಚೌಕ ಅಚ್ಚ ಕೇಸರಿ, ಫ್ಯಾನು ಮಾತ್ರ ನಿಂಬೆಹಣ್ಣಿನ ಹಳದಿ. ‘ಎಲ್‌ಇಡಿ ಹೋಗಿದೆ, ಹೊಸ ಫ್ಯಾನ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ?’ ಎಂದು ಕೇಳಿದ್ದಾರೆ.

ಖಂಡಿತ ಬೇಡ. ದೀಪ ಸರಿಯಾಗಿಯೇ ಇದೆ, ಲೆಕ್ಕ ತಪ್ಪಿದೆ. ಈ ತಪ್ಪಿನ ಹಿಂದಿರುವ ಸಂಗತಿ ಎಷ್ಟು ಸೊಗಸಾದದ್ದೆಂದರೆ, ಈ ಪ್ರಶ್ನೆಗಾಗಿಯೇ ನಾನು ವರ್ಷಗಳಿಂದ ಕಾದಿದ್ದೆ ಎನ್ನಬಹುದು.

ಕರೆಂಟು ಹೋದ ಮನೆಯಲ್ಲಿ ಒಂದು ಹಣತೆ ಹಚ್ಚಿ ನೋಡಿ. ಇಡೀ ಕೋಣೆ ಎದ್ದು ಕೂತಂತಾಗುತ್ತದೆ. ಎರಡನೆಯದನ್ನು ಹಚ್ಚಿದರೂ ವ್ಯತ್ಯಾಸ ತಿಳಿಯುತ್ತದೆ. ಇಪ್ಪತ್ತು ಹಣತೆ ಉರಿಯುವಾಗ ಇಪ್ಪತ್ತೊಂದನೆಯದನ್ನು ತಂದಿಟ್ಟರೆ ಯಾರೂ ತಲೆ ಎತ್ತುವುದಿಲ್ಲ. ಬೆಳಕು ಒಂದೇ ಸಮನೆ ಏರಿದರೂ ಕಣ್ಣಿಗೆ ಅದು ಒಂದೇ ಸಮನೆ ಏರಿದಂತೆ ಕಾಣುವುದಿಲ್ಲ. ಕತ್ತಲೆಯ ಕಡೆ ನಮ್ಮ ಕಣ್ಣು ಬಲು ಚುರುಕು, ಬೆಳಕಿನ ಕಡೆ ಉದಾರಿ. ಹಳೆಯ ಟಿ.ವಿ.ಯ ಗಾಜಿನ ಕೊಳವೆಗೂ ಇಂಥದೇ ಒಂದು ಸ್ವಭಾವವಿತ್ತು. ವಿದ್ಯುತ್ ಸಂಕೇತವನ್ನು ಅರ್ಧಕ್ಕೆ ಇಳಿಸಿದರೆ ಅದರ ಬೆಳಕು ಅರ್ಧಕ್ಕಿಂತ ಎಷ್ಟೋ ಕೆಳಗೆ ಬೀಳುತ್ತಿತ್ತು. ಯಂತ್ರದ ಈ ವಕ್ರತೆ ಕಣ್ಣಿನ ವಕ್ರತೆಗೆ ಹೆಚ್ಚುಕಡಿಮೆ ಹೊಂದಿಕೊಂಡದ್ದು ಒಂದು ಭಾಗ್ಯ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯನ್ನು ಮುಂದಿಟ್ಟಾಗ ಇದೇ ವಕ್ರರೇಖೆ ಅದರೊಳಗೂ ಬಂತು. ಕೊಳವೆಗಳು ಗುಜರಿಗೆ ಹೋದವು, ರೇಖೆ ಉಳಿಯಿತು. ಪರದೆಯಲ್ಲಿ ಪ್ರತಿ ಬಣ್ಣದ ಬೆಳಕನ್ನೂ ಸೊನ್ನೆಯಿಂದ 255ರವರೆಗಿನ ಅಂಕಿಯಲ್ಲಿ ಬರೆಯುತ್ತಾರೆ. ಇಂದಿಗೂ ಅಲ್ಲಿ 128 ಎಂದು ಬರೆದರೆ ಹೊರಬರುವ ಬೆಳಕು ಪೂರ್ತಿ ಬೆಳಕಿನ ನೂರಕ್ಕೆ ಸುಮಾರು 22 ಪಾಲು ಮಾತ್ರ.

ಫ್ಯಾನಿನ ಎಲ್‌ಇಡಿಗೆ ಈ ಇತಿಹಾಸ ಗೊತ್ತಿಲ್ಲ. ಅದಕ್ಕೆ ತಿಳಿದಿರುವುದು ಉರಿಯುವುದು, ಆರುವುದು, ಎರಡೇ. ಮಂದ ಬೆಳಕು ಬೇಕೆಂದರೆ ಅದು ಸೆಕೆಂಡಿಗೆ ನೂರಾರು ಸಲ ಉರಿದು ಆರುತ್ತದೆ. 128 ಎಂದರೆ ಅರ್ಧ ಹೊತ್ತು ಉರಿ, ಅರ್ಧ ಹೊತ್ತು ಆರು. ಬೆಳಕು ಕಟ್ಟುನಿಟ್ಟಾಗಿ ಅರ್ಧ.

ಈಗ ಕೇಸರಿಗೆ ಬನ್ನಿ. ಪರದೆಯ ಕೇಸರಿ ಎಂದರೆ ಕೆಂಪು 255, ಹಸಿರು 128, ನೀಲಿ ಸೊನ್ನೆ. ಪರದೆ ಇದನ್ನು ‘ಪೂರ್ತಿ ಕೆಂಪಿಗೆ ನೂರಕ್ಕೆ 22 ಪಾಲು ಹಸಿರು ಬೆರೆಸು’ ಎಂದು ಓದಿಕೊಳ್ಳುತ್ತದೆ. ಅದೇ ಅಂಕಿಯನ್ನು ಫ್ಯಾನು ‘50 ಪಾಲು ಹಸಿರು ಬೆರೆಸು’ ಎಂದು ಓದುತ್ತದೆ. ಕೆಂಪಿಗೆ ಹಸಿರು ಹೆಚ್ಚಿದಷ್ಟೂ ಬಣ್ಣ ಹಳದಿಯ ಕಡೆ ವಾಲುತ್ತದೆ. ಸಾಫ್ಟ್‌ವೇರು ನಡುವೆ ನಿಂತು 128ನ್ನು 56 ಎಂದು ತಿದ್ದಿ ಕಳಿಸಿದರೆ ಸಾಕು, ಎರಡೂ ಒಂದಾಗುತ್ತವೆ. ಇದಕ್ಕೆ ಗಾಮಾ ತಿದ್ದುಪಡಿ ಎಂದು ಹೆಸರು. 256 ಅಂಕಿಗಳ ಒಂದು ಪಟ್ಟಿ ಇದ್ದರೆ ಆಗುವ ಕೆಲಸ.

ನಾನು ಮನೆಯಲ್ಲಿ ಮಾಡಿ ನೋಡಿದೆ. ಎರಡು ಫ್ಯಾನುಗಳಿಗೆ ಬಟರ್ ಪೇಪರ್ ಅಂಟಿಸಿ, ಒಂದಕ್ಕೆ ಹಸಿರು 128, ಇನ್ನೊಂದಕ್ಕೆ 56 ಕೊಟ್ಟು, ನಡುವೆ ಹಾರದಿಂದ ಕಿತ್ತ ಒಂದು ಚೆಂಡು ಹೂವಿಟ್ಟೆ. ತಂಗಿಯ ಮಗಳಿಗೆ ಯಾವ ವಿವರಣೆಯನ್ನೂ ಕೊಡದೆ ತೋರಿಸಿದೆ. ‘ಮಾವ, ಅದು ನಿಂಬೆಹಣ್ಣು, ಇದು ಹೂವು’ ಎಂದು ಬೆರಳು ತೋರಿಸಿಬಿಟ್ಟಳು.

ಇಷ್ಟು ಸುಲಭವಿದ್ದರೆ ಎಲ್ಲರೂ ಏಕೆ ಮಾಡುವುದಿಲ್ಲ? ಒಂದು ತೊಡಕಿದೆ. ತಿದ್ದುಪಡಿ ಮಾಡಿದಾಗ 1ರಿಂದ 14ರವರೆಗಿನ ಅಂಕಿಗಳೆಲ್ಲ ಸೊನ್ನೆಗೆ ಕುಸಿಯುತ್ತವೆ. ಉಸಿರಾಡಿದಂತೆ ಮೆಲ್ಲಗೆ ಏರಿ ಇಳಿಯುವ ಬೆಳಕು ಕೊನೆಯಲ್ಲಿ ಮೆಟ್ಟಿಲು ತಪ್ಪಿದಂತೆ ಧೊಪ್ಪನೆ ಕತ್ತಲಾಗುತ್ತದೆ. ಕಣ್ಣು ಅತಿ ಚುರುಕಾಗಿರುವ ಕಡೆಯೇ ಮೆಟ್ಟಿಲುಗಳು ಕಡಿಮೆ. ಇದಕ್ಕೊಂದು ಚಂದದ ಉಪಾಯವಿದೆ. ಮೂರೂವರೆ ಬೇಕಿದ್ದರೆ ಒಮ್ಮೆ 3, ಮರುಕ್ಷಣ 4 ಎಂದು ಬೇಗಬೇಗ ಕಳಿಸುವುದು. ಕಣ್ಣು ತಾನೇ ಸರಾಸರಿ ತೆಗೆದುಕೊಳ್ಳುತ್ತದೆ. ಪುಟ್ಟ ಮೈಕ್ರೋಕಂಟ್ರೋಲರ್‌ಗಳಿಗಾಗಿ ಇರುವ ಫಾಸ್ಟ್‌ಎಲ್‌ಇಡಿ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಉಪಾಯ ಇದೆ. ಬಿಳಿ ಬಣ್ಣ ನೀಲಿಗಟ್ಟದಂತೆ ಹಸಿರನ್ನು 176ಕ್ಕೂ ನೀಲಿಯನ್ನು 240ಕ್ಕೂ ಇಳಿಸುವ ಒಂದು ಸಿದ್ಧ ಅಳತೆಯೂ ಅದರಲ್ಲಿದೆ. ಸಾವಿರಾರು ರೂಪಾಯಿಯ ಮದರ್‌ಬೋರ್ಡಿನ ಜೊತೆ ಬರುವ ಸಾಫ್ಟ್‌ವೇರಿನಲ್ಲಿ ಇಷ್ಟು ಕಾಳಜಿ ಕಾಣದಿದ್ದಾಗ ನನಗೆ ಬೇಸರವಾಗುತ್ತದೆ.

ಅಂಕಿ ದೀಪವನ್ನು ತಲುಪುವ ಬಗೆಯೂ ಸೋಜಿಗದ್ದೇ. ಇವುಗಳನ್ನು ‘ಅಡ್ರೆಸಬಲ್’ ದೀಪಗಳು ಎನ್ನುತ್ತಾರೆ, ಅಂದರೆ ವಿಳಾಸವುಳ್ಳವು. ನಿಜದಲ್ಲಿ ಯಾವ ದೀಪಕ್ಕೂ ವಿಳಾಸವಿಲ್ಲ! ಡಬ್ಲ್ಯುಎಸ್2812ಬಿ ಎಂಬ ಹೆಸರುವಾಸಿ ಎಲ್‌ಇಡಿಯನ್ನೇ ನೋಡಿ. 5 ಮಿಲಿಮೀಟರ್ ಚೌಕದೊಳಗೆ ಮೂರು ಬಣ್ಣಗಳ ಜೊತೆ ಒಂದು ಚಿಪ್ಪೂ ಕೂತಿದೆ. ದೇವಸ್ಥಾನದ ಸಾಲಿನಲ್ಲಿ ಪ್ರಸಾದದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಮೊದಲ ದೀಪ ತನ್ನ ಪಾಲಿನ 24 ಬಿಟ್‌ಗಳನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ತಾನು ಎಷ್ಟನೆಯದೆಂದು ಯಾವ ದೀಪಕ್ಕೂ ತಿಳಿಯಬೇಕಿಲ್ಲ. ಬಿಟ್‌ಗಳ ನಡೆ ನಮ್ಮ ಛಂದಸ್ಸಿನದೇ. ಸುಮಾರು 0.4 ಮೈಕ್ರೋಸೆಕೆಂಡಿನ ಲಘು ಬಂದರೆ ಸೊನ್ನೆ, 0.8ರ ಗುರು ಬಂದರೆ ಒಂದು. ಒಂದು ದೀಪಕ್ಕೆ 30 ಮೈಕ್ರೋಸೆಕೆಂಡು, ನೂರು ದೀಪಕ್ಕೆ 3 ಮಿಲಿಸೆಕೆಂಡು. ಎಲ್ಲ ಕಳಿಸಿಯಾದ ಮೇಲೆ ತಂತಿ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ. ಆ ಮೌನವೇ ಅಪ್ಪಣೆ: ನೂರೂ ದೀಪಗಳು ಒಟ್ಟಿಗೆ ಹೊಸ ಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಯಾರೂ ಏನೂ ಹೇಳದಿದ್ದರೆ, ಕರೆಂಟು ಇರುವವರೆಗೂ ಅದೇ ಬಣ್ಣ.

ಈ ಕೊನೆಯ ಮಾತನ್ನು ಒಂದು ಮೂಢನಂಬಿಕೆಯ ಎದುರಿಗೆ ಹಿಡಿಯಬೇಕಾಗಿದೆ. ದೀಪ ಹಾಕಿದರೆ ಗೇಮ್ ನಿಧಾನವಾಗುತ್ತದೆ ಎಂದು ನಂಬಿದವರು ಬೇಕಾದಷ್ಟಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ‘ಕೆಂಪು ಬೇಡ ಸಾರ್, ಬಿಸಿ ಜಾಸ್ತಿ, ನೀಲಿ ಹಾಕ್ಸಿ, ತಂಪಾಗಿರುತ್ತೆ’ ಎಂಬ ಸಲಹೆಯನ್ನೂ ನಾನು ಕಿವಿಯಾರೆ ಕೇಳಿದ್ದೇನೆ. ಇದು ಶುದ್ಧ ತಪ್ಪು. ಈ ಬಗೆಯ ದೀಪದಲ್ಲಿ ಮೂರೂ ಬಣ್ಣಗಳು ಅದೇ 5 ವೋಲ್ಟಿನಿಂದ ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿದ್ಯುತ್ತನ್ನು ಎಳೆಯುತ್ತವೆ. ಹೆಚ್ಚು ಎಳೆಯುವುದು ಬಿಳಿ, ಏಕೆಂದರೆ ಆಗ ಮೂರೂ ಉರಿಯಬೇಕು. ಇನ್ನು ವೇಗದ ಮಾತು. ಮೇಲಿನ ಲಘು–ಗುರುಗಳನ್ನು ಎಣಿಸಿ ಕಳಿಸುವುದು ಪುಟ್ಟದೊಂದು ಬೇರೆ ಚಿಪ್ಪು, ನಿಮ್ಮ ಪ್ರೊಸೆಸರ್‌ಗೆ ಅದರ ಹೊರೆಯಿಲ್ಲ. ಹೊರೆಯಾಗುವುದು ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಸಾಫ್ಟ್‌ವೇರು. ಮದರ್‌ಬೋರ್ಡಿಗೊಂದು, ಫ್ಯಾನಿಗೊಂದು, ಕೀಬೋರ್ಡಿಗೊಂದು, ಹೀಗೆ ಮೂರು ನಾಲ್ಕು ಕೂತಿರುತ್ತವೆ. ಬಣ್ಣ ಬದಲಾಗದಿರುವಾಗಲೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುವ ಸಾಫ್ಟ್‌ವೇರನ್ನು ನಾನು ಕೆಟ್ಟ ಕೆಲಸವೆಂದೇ ಕರೆಯುತ್ತೇನೆ. ಒಮ್ಮೆ ಹೇಳಿ ಸುಮ್ಮನಾಗುವುದನ್ನು ಅದು ಆ ದೀಪದ ತಂತಿಯಿಂದಲೇ ಕಲಿಯಬಹುದಿತ್ತು.

ರ್‍ಯಾಮ್ ಪಟ್ಟಿಗಳ ದೀಪದಲ್ಲಂತೂ ಅಪಾಯವೇ ಇದೆ. ಅಲ್ಲಿ ಬಣ್ಣದ ಅಂಕಿಗಳು ಎಸ್‌ಎಂಬಸ್ ಎಂಬ ಎರಡು ತಂತಿಗಳ ಮೇಲೆ ಹೋಗುತ್ತವೆ. ‘ನನ್ನ ವೇಗ ಇಷ್ಟು, ಗಾತ್ರ ಇಷ್ಟು’ ಎಂದು ರ್‍ಯಾಮ್ ತನ್ನ ಜಾತಕವನ್ನು ಬರೆದಿಟ್ಟುಕೊಂಡ ಎಸ್‌ಪಿಡಿ ಚಿಪ್ಪೂ ಅದೇ ತಂತಿಗಳ ಮೇಲಿದೆ. ಕೈತಪ್ಪಿ ಬಣ್ಣದ ಅಂಕಿ ಜಾತಕದ ಮೇಲೆ ಬಿದ್ದರೆ ಕಂಪ್ಯೂಟರ್ ಮೇಲೇಳದೇ ಹೋಗಬಹುದು. ಎರಡು ಸಾಫ್ಟ್‌ವೇರುಗಳು ಒಟ್ಟಿಗೆ ಮಾತಿಗಿಳಿದರೂ ಗೊಂದಲ. ಒಂಟಿ ಹಳಿಯ ರೈಲಿಗೆ ಸ್ಟೇಷನ್ ಮಾಸ್ತರರು ಟೋಕನ್ ಕೊಡುತ್ತಿದ್ದರಲ್ಲ, ಅಂಥದೊಂದು ಟೋಕನ್ನನ್ನು ಇವು ಪಡೆದು ಕೆಲಸ ಮುಗಿಸಿ ಮರಳಿಸಬೇಕು. ಇಷ್ಟು ಆಳಕ್ಕಿಳಿಯಲು ಹಲವು ಸಾಫ್ಟ್‌ವೇರುಗಳು ವಿನ್‌ರಿಂಗ್‌0 ಎಂಬ ಹಳೆಯ ಡ್ರೈವರನ್ನು ಬಳಸುತ್ತಿದ್ದವು. ಅದರ ಬಾಗಿಲು ಕಳ್ಳರಿಗೂ ತೆರೆದಿದೆ ಎಂಬ ಕಾರಣಕ್ಕೆ 2025ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ಹಿಡಿದು ತಡೆಯತೊಡಗಿತು. ಒಂದು ಬಣ್ಣದ ದೀಪಕ್ಕಾಗಿ ಇಡೀ ಕಂಪ್ಯೂಟರಿನ ಬೀಗದ ಕೈಯನ್ನು ಹೊರಗೆ ತೂಗುಹಾಕಿದಂತಾಗಿತ್ತು.

ನಾಲ್ಕು ಸಾಫ್ಟ್‌ವೇರುಗಳ ಬದಲು ಒಂದೇ ಇರಲಿ ಎಂದು ಹೊರಟದ್ದು ಓಪನ್‌ಆರ್‌ಜಿಬಿ. ಬೇರೆ ಬೇರೆ ಕಂಪನಿಗಳ ದೀಪಗಳು ತಮ್ಮ ಸಾಫ್ಟ್‌ವೇರಿನೊಡನೆ ಏನು ಮಾತಾಡುತ್ತವೆಂದು ಕಿವಿಗೊಟ್ಟು ಕೇಳಿ, ಆ ಭಾಷೆಯನ್ನು ಬಿಡಿಸಿ, ಹವ್ಯಾಸಿಗಳೇ ಕಟ್ಟಿದ ಮುಕ್ತ ತಂತ್ರಾಂಶ ಇದು. ಲಿನಕ್ಸ್‌ನಲ್ಲೂ ನಡೆಯುತ್ತದೆ. ಬೇರೆ ಪ್ರೋಗ್ರಾಮುಗಳು ಇದರೊಡನೆ ಮಾತಾಡುವ ಪೋರ್ಟ್ ಸಂಖ್ಯೆ 6742. ಹಳೆಯ ಗುಂಡಿ ಫೋನಿನಲ್ಲಿ ಆ ನಾಲ್ಕು ಅಂಕಿಗಳ ಮೇಲಿನ ಅಕ್ಷರ ಹುಡುಕಿ ನೋಡಿ: ಒ, ಆರ್, ಜಿ, ಬಿ! 2023ರಲ್ಲಿ ವಿಂಡೋಸ್ 11 ಕೂಡ ಡೈನಮಿಕ್ ಲೈಟಿಂಗ್ ಎಂಬ ತನ್ನದೇ ವ್ಯವಸ್ಥೆ ತಂದಿತು. ಅದರ ಅಡಿಪಾಯವಾದ ಲ್ಯಾಂಪ್‌ಅರೇ ನಿಯಮದಲ್ಲಿ ಪ್ರತಿಯೊಂದು ದೀಪವೂ ತನ್ನ ಯಾವ ಮೂಲೆಯಲ್ಲಿ ಕೂತಿದೆಯೆಂದು ಸಾಧನವೇ ಮೈಕ್ರೋಮೀಟರ್ ಲೆಕ್ಕದಲ್ಲಿ ವರದಿ ಮಾಡುತ್ತದೆ. ಸಾಲಿನಲ್ಲಿ ತಾನು ಎಷ್ಟನೆಯದೆಂದೂ ತಿಳಿಯದ ದೀಪದಿಂದ ಇಲ್ಲಿಯವರೆಗೆ ಬಂದಿದ್ದೇವೆ. ಬಣ್ಣದ ಅಲೆಯೊಂದು ಕೀಬೋರ್ಡಿನ ಎಡದಿಂದ ಬಲಕ್ಕೆ ನೇರವಾಗಿ ಹರಿಯಬೇಕಾದರೆ ಈ ತಿಳಿವಳಿಕೆ ಬೇಕೇ ಬೇಕು.

ದಾವಣಗೆರೆಯವರಿಗೆ ಇಷ್ಟು ಹೇಳುತ್ತೇನೆ. ಹೊಸ ಫ್ಯಾನಿನ ದುಡ್ಡು ಉಳಿಸಿಕೊಳ್ಳಿ. ಮಗ ಮುಂದೆಂದಾದರೂ ದೀಪದ ತಂತಿ ಬಿಚ್ಚಿ ಹಾಕುವುದಿದ್ದರೆ, 5 ವೋಲ್ಟಿನ ಮೂರು ಪಿನ್ನಿನದನ್ನು 12 ವೋಲ್ಟಿನ ನಾಲ್ಕು ಪಿನ್ನಿನ ಜಾಗಕ್ಕೆ ಒತ್ತದಿರಲಿ, ಆಗ ಎಲ್‌ಇಡಿ ನಿಜಕ್ಕೂ ಸುಟ್ಟುಹೋಗುತ್ತದೆ. ಪೂಜೆಯ ದಿನ ಕುಂಕುಮವನ್ನು ಕ್ಯಾಬಿನೆಟ್ಟಿನ ಗಾಜಿಗೆ ಹಚ್ಚಿ, ಫ್ಯಾನಿನ ಬಾಯಿಗೆ ಎರಚಬೇಡಿ. ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು 255, ಹಸಿರು 56, ನೀಲಿ 0 ಎಂದು ಕೈಯಾರೆ ಬರೆಯಿರಿ. ಪಕ್ಕದಲ್ಲಿ ಒಂದು ಚೆಂಡು ಹೂವಿಡಿ. ಹೂವು ಇನ್ನೂ ಗಾಢವೆನಿಸಿದರೆ ಹಸಿರನ್ನು ಒಂದೊಂದೇ ಅಂಕಿ ಇಳಿಸುತ್ತ ಹೋಗಿ, ನಿಮ್ಮೂರಿನ ಹೂವು ಯಾವ ಅಂಕಿಗೆ ಹೊಂದಿತೆಂದು ನನಗೆ ಬರೆದು ತಿಳಿಸಿ.